ಸಿಗದೇ ಹೋದರೆ ಅಂತ ಬರೆದಿದ್ದೀಯಲ್ಲ

ಹಿರಿಯಡ್ಕ

ಪ್ರೀತಿಯ ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಊಟ, ಚಳಿ, ರೂಮಿನ ಸುದ್ದಿಯೆಲ್ಲ ನಿನ್ನ ಅಮ್ಮ ಹೇಳಿದ್ದಾಳೆ, ಅದು ಇರಲಿ. ಡೈನೋಸಾರ್ ಕಾಲದ ಹಾರುವ ಸರೀಸೃಪ ಟೆರೋಸಾರ್‌ಗೂ ಅದರ ರೆಕ್ಕೆಯಿಲ್ಲದ ಹಿರಿಯರಿಗೂ ನಡುವಿನ ಪಳೆಯುಳಿಕೆ ಹುಡುಕುತ್ತಿದ್ದೀಯಲ್ಲ, ಅದರ ಬಗ್ಗೆ ಪತ್ರದ ಎರಡನೇ ಪುಟದ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ಆ ನಡುವಿನ ಪ್ರಾಣಿ ಸಿಗದೇ ಹೋದರೆ ನನ್ನ ಇಷ್ಟು ವರ್ಷ ಏನಾಯ್ತು ದೊಡ್ಡಮ್ಮ?" ಅಂತ. ಎರಡು ರಾತ್ರಿಯಿಂದ ನಿದ್ದೆ ಸರಿಯಿಲ್ಲ.

ನೀನು ಕಳಿಸಿದ ಲೇಖನಗಳನ್ನು ಮತ್ತೆ ತೆಗೆದು ಓದಿದೆ. ಟೆರೋಸಾರ್‌ಗಳು ಸುಮಾರು 22 ಕೋಟಿ ವರ್ಷ ಹಿಂದಿನ ಕಲ್ಲಿನಲ್ಲಿ ಮೊದಲ ಸಲ ಕಾಣಿಸುವಾಗಲೇ ಪೂರ್ತಿ ಹಾರುವ ಪ್ರಾಣಿಗಳು. ನಾಲ್ಕನೇ ಬೆರಳು ಅಷ್ಟುದ್ದ ಬೆಳೆದು, ಅಲ್ಲಿಂದ ಮೈಗೆ ಚರ್ಮದ ರೆಕ್ಕೆ. ಆ ಬೆರಳು ಇನ್ನೂ ಬೆಳೆಯುತ್ತಿರುವಂಥ ಒಂದು ಪ್ರಾಣಿಯೂ ಇವತ್ತಿನವರೆಗೆ ಸಿಕ್ಕಿಲ್ಲ. ಹಾಗಾಗಿ ನಿನ್ನ ಹೆದರಿಕೆ ಸುಳ್ಳು ಅಂತ ನಾನು ಹೇಳಲಾರೆ.

ಆದರೆ ಆ ಸಣ್ಣ ಸರೀಸೃಪಗಳು, ಲಾಗರ್ಪೆಟಿಡ್‌ಗಳ ವಿಷಯ ನೀನೇ ಹೇಳಿದ್ದಲ್ವಾ? ತುಂಬ ವರ್ಷ ಅವುಗಳ ಹಿಂಗಾಲು, ಸೊಂಟದ ಮೂಳೆ ಬಿಟ್ಟು ಜಾಸ್ತಿ ಏನೂ ಗೊತ್ತಿರಲಿಲ್ಲ. ಡೈನೋಸಾರ್ ಕಡೆಯ ನೆಂಟರು ಅಂದುಕೊಂಡಿದ್ದರು. ಆಮೇಲೆ ತಲೆಬುರುಡೆ, ಕೈಮೂಳೆ ಸಿಕ್ಕಿದವು. ಸ್ಕ್ಯಾನ್ ಮಾಡಿ ಒಳಕಿವಿ ನೋಡಿದರು. ಟೆರೋಸಾರ್‌ಗೆ ಎಲ್ಲರಿಗಿಂತ ಹತ್ತಿರದವು ಇವೇ ಅಂತ 2020ರಲ್ಲಿ ಬರೆದರು. ರೆಕ್ಕೆಯ ಸುಳಿವೇ ಇಲ್ಲದ ಸಣ್ಣ ಪ್ರಾಣಿ, ಮೈಯ ಸಮತೋಲ ಹಿಡಿಯುವ ಕಿವಿ ಮಾತ್ರ ಆಗಲೇ ತಯಾರು! ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ನೀನು ಬೆರಳನ್ನೇ ಹುಡುಕುತ್ತಿದ್ದೀಯಾ. ಕತೆ ಕಿವಿಯಲ್ಲೂ ಇತ್ತು.

ಸಿಗದೇ ಹೋದರೆ ಅಂತೀಯಾ. ಸ್ಕಾಟ್ಲೆಂಡಿನ ಆ ಪಳೆಯುಳಿಕೆ ಸ್ಕ್ಲೆರೋಮೊಕ್ಲಸ್, ಗೇಣುದ್ದವೂ ಇಲ್ಲದ್ದು, ಅದಕ್ಕೆ ಹೆಸರಿಟ್ಟದ್ದು 1907ರಲ್ಲಿ. ಮರಳುಗಲ್ಲಿನಲ್ಲಿ ಬರೀ ಅಚ್ಚು ಉಳಿದದ್ದು. ಇದು ಯಾರ ಪೈಕಿ ಅಂತ ನೂರು ವರ್ಷ ಚರ್ಚೆ. 2022ರಲ್ಲಿ ಕಲ್ಲನ್ನು ಒಡೆಯದೆ ಸ್ಕ್ಯಾನ್ ಮಾಡಿದ ಮೇಲೆ ಟೆರೋಸಾರ್‌ಗಳ ಬಳಗಕ್ಕೆ ಸೇರಿಸಿದರು. ಅಷ್ಟು ವರ್ಷವೂ ಅದು ಕೈಯಲ್ಲೇ ಇತ್ತು ಮಗಾ.

ನಿನಗೆ ಹೇಳದ ಒಂದು ವಿಷಯ ಇದೆ. ನಾನು ಮದುವೆಯಾಗಿ ಈ ತೋಟಕ್ಕೆ ಬಂದ ಹೊಸತರಲ್ಲಿ ಹಾರುವ ಓತಿಯ ಲೆಕ್ಕ ಬರೆದಿಡುತ್ತಿದ್ದೆ. ಕಂಗಿನ ಮರಕ್ಕೆ ಅಂಟಿ ಕೂತರೆ ಮರದ್ದೇ ಬಣ್ಣ. ಗಂಟಲಡಿಯ ಹಳದಿ ಚರ್ಮ ಚಿಮ್ಮಿಸಿದಾಗಲೇ ಕಣ್ಣಿಗೆ ಬೀಳುವುದು. ಪಕ್ಕೆಲುಬು ಅಗಲಿಸಿ ಜಾರಿ ಬಿಟ್ಟಿತೆಂದರೆ ಮುಂದಿನ ಕಂಗಿನ ಹತ್ತಿರ ತಲೆ ಮೇಲೆತ್ತಿ ಟಪ್ಪನೆ ಅಂಟುತ್ತದೆ. ನಿನ್ನ ಟೆರೋಸಾರ್‌ಗೂ ಅದಕ್ಕೂ ಸಂಬಂಧ ಇಲ್ಲ, ಗೊತ್ತು. ಯಾವ ಮರದಿಂದ ಯಾವ ಮರಕ್ಕೆ, ಎಷ್ಟು ಹೆಜ್ಜೆ ದೂರ, ಎಷ್ಟು ಹೊತ್ತಿಗೆ, ಮೂರು ವರ್ಷ ಬರೆದೆ. ಒಮ್ಮೆ ಓದಿಕೊಂಡವರೊಬ್ಬರಿಗೆ ತೋರಿಸಿದೆ. "ಇದರಿಂದ ಏನು ಸಿಗುತ್ತದೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಸ್ತಕ ಅಟ್ಟ ಸೇರಿತು. ಒರಲೆ ತಿಂದು, ರಟ್ಟು ಮಾತ್ರ ಉಳಿದಿತ್ತು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟಕ್ಕೇ ಬಿಟ್ಟುಬಿಟ್ಟೆನಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ನಿನ್ನ ಸಾಲು ಓದುವಾಗ ಆ ರಟ್ಟು ಕಣ್ಣಮುಂದೆ ಬಂತು.

ಏನೂ ಸಿಗದ ದಿನವನ್ನೂ ಬರೆದಿಡು. ಯಾವ ಕಲ್ಲು ನೋಡಿದೆ, ಏನಿರಲಿಲ್ಲ, ಅಷ್ಟು ಸಾಕು. ಈ ಭಯವನ್ನು ನಿನ್ನ ಗೈಡ್ ಹತ್ತಿರ ಒಮ್ಮೆ ಹೇಳಿಕೊಂಡರೆ ಹೇಗೆ? ಅಲ್ಲಿಯ ರೀತಿ ನನಗೆ ಗೊತ್ತಿಲ್ಲ, ತಪ್ಪಾದರೆ ಬಿಡು. ಮ್ಯೂಸಿಯಮ್ಮಿನ ಹಳೇ ಡ್ರಾಯರ್‌ಗಳನ್ನೂ ತೆಗೆದು ನೋಡು ಅಂತ ಅನ್ನಿಸುತ್ತದೆ. ನೋಡಿಯೇ ಇರುತ್ತೀಯಾ.

ಇವತ್ತು ಬೆಳಿಗ್ಗೆ ಬಾವಿಕಟ್ಟೆ ಹತ್ತಿರದ ಕಂಗಿನಲ್ಲಿ ಒಂದು ಓತಿ ಕೂತಿತ್ತು. ಒಂಬತ್ತೂ ಕಾಲಿಗೆ ಹಾರಿತು, ಹನ್ನೊಂದು ಹೆಜ್ಜೆ. ಕ್ಯಾಲೆಂಡರಿನ ಹಿಂದೆ ಬರೆದಿದ್ದೇನೆ.

2023ರಲ್ಲಿ ಬ್ರೆಜಿಲ್‌ನದ್ದೊಂದು ಬಂತು ಅಂದಿದ್ದೆಯಲ್ಲ, ಕೊಕ್ಕಿನಂಥ ಬಾಯಿ, ದೊಡ್ಡ ಕೈಯ ಲಾಗರ್ಪೆಟಿಡ್, ವೆನೆಟೊರಾಪ್ಟರ್. ಅದರ ಕೈಯನ್ನು ಒಂದು ಕಾಗದದಲ್ಲಿ ದೊಡ್ಡದಾಗಿ ಬಿಡಿಸಿ ಕಳಿಸು. ನನಗೆ ಬೆರಳುಗಳನ್ನು ನೋಡಬೇಕು.

ನಿನ್ನ ದೊಡ್ಡಮ್ಮ