ಮಗಳು ಓದಿದಳು, ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ

ನನ್ನ ಮಗಳು ಕಳೆದ ವಾರ ಒಂದು ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಾನೇ ಓದಿದಳು. ಓದಿದ್ದು ನನಗಲ್ಲ, ನನ್ನ ತಂಗಿಯ ಮಗನಿಗೆ. ಅವನಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ತೆಳ್ಳನೆಯ ಚಿತ್ರಪುಸ್ತಕ, ಪುಟಕ್ಕೆ ಎರಡು ಸಾಲು. ಆರು ವರ್ಷದ ಮಗು ಇಷ್ಟು ಓದೋದು ಅಷ್ಟು ದೊಡ್ಡ ವಿಷಯವಾ ಅಂತ ಕೆಲವರಿಗೆ ಅನ್ನಿಸಬಹುದು. ಎರಡೂವರೆ ವರ್ಷವಾದರೂ ನಾಲ್ಕೈದು ಪದ ಬಿಟ್ಟು ಬೇರೇನೂ ಮಾತಾಡದ ಮಗು ಇವಳು ಅಂತ ಗೊತ್ತಿದ್ದವರಿಗೆ, ನಾನು ಆವತ್ತು ಸಂಜೆ ಯಾಕೆ ಒಬ್ಬರಾದ ಮೇಲೆ ಒಬ್ಬರಿಗೆ ಫೋನ್ ಮಾಡಿದೆ ಅನ್ನೋದು ಅರ್ಥವಾಗುತ್ತದೆ. ಫೋನಿನಲ್ಲಿ ಸರಿಯಾಗಿ ಮಾತಾಡಲು ಆಗಲಿಲ್ಲ, ಗಂಟಲು ಕಟ್ಟಿತ್ತು. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಮೊದಲು ನನ್ನ ಓದಿನ ವಿಷಯ. ಅದನ್ನು ಬಿಟ್ಟು ಮಗಳ ಓದಿನ ಕಥೆ ಹೇಳಲು ಬರುವುದಿಲ್ಲ.

ನಾನು ಚಿಕ್ಕವಳಿದ್ದಾಗಿನಿಂದ ಓದುವವಳು. ಕಾದಂಬರಿ ಕೈಗೆ ಸಿಕ್ಕರೆ ಊಟ ಮರೆಯುವ ಜಾತಿ. ಹೆರಿಗೆಯಾದ ಮೇಲೆ ಆ ಓದು ನಿಂತುಹೋಯಿತು. ಸಮಯ ಇಲ್ಲದ್ದಕ್ಕೆ ಅಂತ ಎಲ್ಲರೂ ಅಂದುಕೊಂಡರು, ಆದರೆ ಸಮಯ ಸಿಕ್ಕಾಗಲೂ ಆಗುತ್ತಿರಲಿಲ್ಲ. ನಿದ್ದೆ ತುಂಡು ತುಂಡಾಗಿ, ಒಂದೇ ಪ್ಯಾರಾ ಮತ್ತೆ ಮತ್ತೆ ಓದಿದರೂ ತಲೆಗೆ ಹೋಗುತ್ತಿರಲಿಲ್ಲ. ಕಥೆಯಲ್ಲಿ ಯಾರ ಹೆಸರು ಯಾವುದು ಅಂತಲೇ ನೆನಪಿರುತ್ತಿರಲಿಲ್ಲ. ಪುಸ್ತಕ ಮುಚ್ಚಿಟ್ಟು ಅಳುತ್ತಿದ್ದೆ. ಮಗು ಬಂದ ಖುಷಿ ಒಂದು ಕಡೆ, ನಾನು ಅನ್ನುವವಳು ಎಲ್ಲಿ ಹೋದಳೋ ಅನ್ನುವ ಭಯ ಇನ್ನೊಂದು ಕಡೆ. ಹೊಸ ತಾಯಂದಿರಲ್ಲಿ ತುಂಬಾ ಜನಕ್ಕೆ ಹೀಗಾಗುತ್ತೆ ಅಂತ ಆಮೇಲೆ ಗೊತ್ತಾಯಿತು. ಆಗ ಯಾರೂ ಹೇಳಿರಲಿಲ್ಲ.

ಆಗ ಬಂದವಳು ನನ್ನ ಗೆಳತಿ. ಕಾಲೇಜಿನಿಂದಲೂ ನಾವಿಬ್ಬರೂ ಪುಸ್ತಕ ಹಂಚಿಕೊಂಡು ಓದಿದವರು. "ಓದು, ಓದು" ಅಂತ ಉಪದೇಶ ಮಾಡಲಿಲ್ಲ ಅವಳು. ಎರಡು ಮೂರು ಪುಟದಲ್ಲಿ ಮುಗಿಯುವ ಕಥೆಗಳ ಒಂದು ಸಣ್ಣ ಪುಸ್ತಕ ತಂದು ದಿಂಬಿನ ಪಕ್ಕ ಇಟ್ಟು, "ಜೋರಾಗಿ ಓದು, ಮಗುಗೂ ಕೇಳಿಸಲಿ, ಅದಕ್ಕೆ ಕಥೆ ಬೇಡ, ನಿನ್ನ ದನಿ ಸಾಕು" ಅಂದಳು. ಹಾಗೇ ಮಾಡಿದೆ. ಹಾಲು ಕುಡಿಸುತ್ತಾ ಮೆಲ್ಲಗೆ ಓದಿದೆ. ಬಾಯಿಬಿಟ್ಟು ಓದಿದಾಗ ಕಣ್ಣು ಸಾಲು ತಪ್ಪುವುದಿಲ್ಲ, ಮನಸ್ಸು ಬೇರೆ ಕಡೆ ಹೋದರೆ ದನಿಯೇ ಹಿಡಿದು ತರುತ್ತೆ. ನನ್ನ ಓದು ವಾಪಸ್ ಬಂದದ್ದು ಹೀಗೆ. ಮಗಳು ಕೇಳಿದ ಮೊದಲ ಕಥೆಗಳು ದೊಡ್ಡವರ ಕಥೆಗಳೇ. ಗೆಳತಿ, ನೀನು ಆವತ್ತು ತಂದದ್ದು ಒಂದು ಪುಸ್ತಕ ಅಂತ ನೀನು ಅಂದುಕೊಂಡಿರಬಹುದು. ನನಗೆ ಅದಕ್ಕಿಂತ ತುಂಬಾ ಜಾಸ್ತಿ ಸಿಕ್ಕಿತು.

ಅಕ್ಕನಿಗೂ ಇಲ್ಲೇ ಹೇಳಿಬಿಡುತ್ತೇನೆ. ವಾರಕ್ಕೊಂದು ಮಧ್ಯಾಹ್ನ ಬಂದು ಮಗುವನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು. ಹೋಗುವಾಗ "ಮಲ್ಕೋಬೇಡ, ಅಡುಗೆಮನೆ ಕಡೆ ತಿರುಗಬೇಡ, ಓದ್ಕೋ" ಅಂತ ಬಾಗಿಲು ಎಳೆದುಕೊಳ್ಳುತ್ತಿದ್ದಳು. ಅಕ್ಕ ಓದುವವಳಲ್ಲ. ಓದಿನಲ್ಲಿ ನನಗೇನು ಸಿಗುತ್ತೆ ಅಂತ ಅವಳಿಗೆ ಇವತ್ತಿಗೂ ಅಷ್ಟಾಗಿ ಗೊತ್ತಿಲ್ಲ. ಆದರೂ ಅದು ನನಗೆ ಬೇಕು ಅಂತ ಗೊತ್ತಿತ್ತು, ಅಷ್ಟು ಸಾಕಿತ್ತು ಅವಳಿಗೆ. ಓದುವ ಅಮ್ಮಂದಿರ ಬಗ್ಗೆ ಮಾತಾಡುವಾಗ ಪುಸ್ತಕದ ಮಾತು ಬರುತ್ತೆ, ಲೇಖಕರ ಮಾತು ಬರುತ್ತೆ, ಆ ಒಂದು ಗಂಟೆ ಮಗು ಯಾರ ಕೈಯಲ್ಲಿತ್ತು ಅನ್ನೋದು ಬರುವುದೇ ಇಲ್ಲ. ನನ್ನ ಮಗು ಅಕ್ಕನ ಕೈಯಲ್ಲಿತ್ತು.

ಆಮೇಲೆ ಮಾತಿನ ಚಿಂತೆ ಶುರುವಾಯಿತು.

ಎರಡು ವರ್ಷ ತುಂಬಿತು. ಮಗಳಿಗೆ ಎಲ್ಲಾ ಅರ್ಥವಾಗುತ್ತಿತ್ತು, ಬೆರಳು ತೋರಿಸುತ್ತಿದ್ದಳು, ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ಮಾತು ಮಾತ್ರ ಇಲ್ಲ. ಹತ್ತಿರದವರೇ ಕೆಲವರು ನನ್ನ ಮುಂದೆಯೇ ಅಂದರು, ಅಮ್ಮ ಯಾವಾಗ ನೋಡಿದರೂ ಪುಸ್ತಕ ಹಿಡ್ಕೊಂಡು ಕೂತಿರ್ತಾಳೆ, ಮಗುಗೆ ಮಾತು ಎಲ್ಲಿಂದ ಬರಬೇಕು. ಆ ಮಾತು ತುಂಬಾ ದಿನ ಚುಚ್ಚಿತು. ಪುಸ್ತಕ ಮುಟ್ಟಲು ಹೆದರುವ ಹಾಗೆ ಆಯಿತು.

ಮಕ್ಕಳ ಡಾಕ್ಟರ್ ಅದನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡು, ಮೊದಲು ಕಿವಿ ಪರೀಕ್ಷೆ ಮಾಡಿಸಿ ಅಂದರು. ಕಿವಿ ಚೆನ್ನಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ, ನೀವು ಓದೋದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ, ಮಗುಗೆ ಓದಿ ಹೇಳೋದನ್ನು ಮಾತ್ರ ನಿಲ್ಲಿಸಬೇಡಿ ಅಂದರು. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ, ಮಗು ಹುಟ್ಟಿದಾಗಿನಿಂದ ಅದಕ್ಕೆ ಓದಿ ಹೇಳಿ ಅಂತ ಅಪ್ಪ ಅಮ್ಮಂದಿರಿಗೆ ತಿಳಿಸುವುದು ಡಾಕ್ಟರ ಕೆಲಸದಲ್ಲಿ ಸೇರಿದ್ದು ಅಂತ ಹೇಳಿದೆಯಂತೆ. ಡಾಕ್ಟ್ರೇ, ನೀವು ಅದನ್ನು ಅತ್ತೆ ಮಾವ ಇಬ್ಬರೂ ಪಕ್ಕದಲ್ಲಿ ಕೂತಿದ್ದಾಗಲೇ ಹೇಳಿದಿರಲ್ಲ, ಅದಕ್ಕೆ ಇನ್ನೊಂದು ಥ್ಯಾಂಕ್ಸ್. ಮನೆಗೆ ಬಂದ ಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಇನ್ನು ನಮ್ಮ ಸ್ಪೀಚ್ ಥೆರಪಿಸ್ಟ್ ಮೇಡಂ. ಇವರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಅವರು ಕಲಿಸಿದ್ದು ಬೇರೆ ಅಮ್ಮಂದಿರಿಗೂ ಅಪ್ಪಂದಿರಿಗೂ ಬೇಕಾಗಬಹುದು.

ಮೊದಲ ದಿನವೇ ಅವರು ಹೇಳಿದ್ದು, ಪುಸ್ತಕದಲ್ಲಿ ಬರೆದಿರೋದನ್ನು ಓದಬೇಡಿ, ಚಿತ್ರ ನೋಡಿ ಮಾತಾಡಿ, ಮಾತಾಡಿ ಸುಮ್ಮನಾಗಿ. ಸುಮ್ಮನಾಗೋದೇ ಕಷ್ಟದ ಕೆಲಸ. ಮನಸ್ಸಿನಲ್ಲೇ ಒಂದರಿಂದ ಐದರವರೆಗೆ ಎಣಿಸಿ, ಮಗುಗೆ ಜಾಗ ಕೊಡಿ ಅಂದರು. ಮಗು ಬರೀ ಬೆರಳು ತೋರಿಸಿದರೂ ಅದು ಉತ್ತರವೇ. "ಇದೇನು, ಇದೇನು" ಅಂತ ಪರೀಕ್ಷೆ ಮಾಡುವ ಹಾಗೆ ಕೇಳುತ್ತಾ ಹೋಗಬಾರದು. ಮಗು "ನಾಯಿ" ಅಂದರೆ ಅದಕ್ಕೆ ಒಂದೆರಡು ಪದ ಸೇರಿಸಿ ವಾಪಸ್ ಕೊಡಬೇಕು, "ಹೌದು, ಕರಿ ನಾಯಿ. ಓಡ್ತಾ ಇದೆ." ಅಷ್ಟೇ, ಭಾಷಣ ಬೇಡ. ಪುಟ ತಿರುವುವ ಕೆಲಸ ಮಗುವಿನದ್ದೇ ಆಗಲಿ, ಎರಡು ಪುಟ ಒಟ್ಟಿಗೆ ಹಾರಿದರೂ ಪರವಾಗಿಲ್ಲ. ಪಕ್ಕಕ್ಕೆ ಕೂರಿಸಿಕೊಳ್ಳುವುದಕ್ಕಿಂತ ಎದುರಿಗೆ ಕೂರಿಸಿಕೊಂಡರೆ ಮಗು ನಮ್ಮ ಬಾಯಿ ನೋಡುತ್ತೆ. ಪುಸ್ತಕ ಪರಿಚಯವಾದ ಮೇಲೆ ಸಾಲಿನ ಕೊನೆಯ ಪದ ಹೇಳದೆ ಬಿಡಿ, ಕಾಯಿರಿ.

ಇದು ಅವರು ಸುಮ್ನೆ ಹೇಳಿದ್ದಲ್ಲ. 1988ರಲ್ಲಿ ವೈಟ್‌ಹರ್ಸ್ಟ್ ಅನ್ನುವ ಮನಶ್ಶಾಸ್ತ್ರಜ್ಞರೂ ಅವರ ಜೊತೆಗಾರರೂ ಎರಡರಿಂದ ಮೂರು ವರ್ಷದ ಆಸುಪಾಸಿನ ಮಕ್ಕಳ ಮನೆಗಳಲ್ಲಿ ಇದನ್ನು ಮಾಡಿ ನೋಡಿದ್ದರು. ಅರ್ಧ ಮನೆಗಳಲ್ಲಿ ಎಂದಿನಂತೆ ಓದಿದರು, ಇನ್ನರ್ಧ ಮನೆಗಳಲ್ಲಿ ಹೀಗೆ ಕೇಳುತ್ತಾ, ಕಾಯುತ್ತಾ, ಪದ ಸೇರಿಸುತ್ತಾ ಓದಿದರು. ನಾಲ್ಕೇ ವಾರದಲ್ಲಿ ಈ ಎರಡನೇ ಗುಂಪಿನ ಮಕ್ಕಳ ಮಾತು ಮುಂದೆ ಹೋಗಿತ್ತು. ಎರಡೂ ಕಡೆ ಮನೆಯಲ್ಲಿ ಓದು ಇತ್ತು, ಬೇರೆಯಾಗಿದ್ದದ್ದು ಓದುವ ರೀತಿ. ಇದನ್ನು ಕೇಳಿದ ಮೇಲೆ ನನಗೆ ಧೈರ್ಯ ಬಂತು.

ನಮ್ಮ ಮನೆಯಲ್ಲಿ ಒಂದು ಬೆಕ್ಕಿನ ಪುಸ್ತಕ ಇತ್ತು. ಮಂಚದ ಕೆಳಗೆ ನೋಡಿದರೆ ಬೆಕ್ಕು ಇಲ್ಲ, ಬುಟ್ಟಿಯೊಳಗೆ ನೋಡಿದರೆ ಇಲ್ಲ, ಹೀಗೆ ಪ್ರತಿ ಪುಟದ ಕೊನೆಗೂ "ಇಲ್ಲ!" ಅಂತ ಬರುತ್ತೆ. ನಾನು ಆ ಪದ ಬಿಟ್ಟು ಕಾಯುತ್ತಿದ್ದೆ. ತುಂಬಾ ಕಾಲ ಏನೂ ಬರಲಿಲ್ಲ. ಒಂದು ಸಂಜೆ ಮಗಳು ತಲೆ ಅಲ್ಲಾಡಿಸಿ "ಇಲ್ಲ" ಅಂದಳು, ಆಮೇಲೆ ಪ್ರತಿ ಪುಟಕ್ಕೂ ಅಂದಳು, ಪುಸ್ತಕ ಮುಗಿದ ಮೇಲೂ ಮನೆಯೆಲ್ಲ ಓಡಾಡಿ ಮಂಚಕ್ಕೆ, ಬಾಗಿಲಿಗೆ, ಅಪ್ಪನ ಚಪ್ಪಲಿಗೆ ಎಲ್ಲದಕ್ಕೂ ಹೇಳಿಕೊಂಡು ಬಂದಳು. ಕೆಲವು ವಾರದ ಮೇಲೆ "ಬೆಕ್ಕು ಇಲ್ಲ" ಅಂದಳು. ಎರಡು ಪದ ಸೇರಿಸಿ ಹೇಳಿದ್ದು ಅದೇ ಮೊದಲು. ಮೇಡಂಗೆ ಹೇಳಿದಾಗ ಅವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಪುಸ್ತಕ ಓದಿಯೇ ಮಾತು ಬಂತು ಅಂತ ಯಾರೂ ಅಂದುಕೊಳ್ಳಬೇಡಿ. ಥೆರಪಿ ಇತ್ತು, ದಿನಾ ಮನೆಯಲ್ಲಿ ಮಾಡುವ ಅಭ್ಯಾಸ ಇತ್ತು, ಕೆಲವು ಮಕ್ಕಳಿಗೆ ಬೇರೆ ಕಾರಣ ಇರುತ್ತೆ, ಬೇರೆ ಸಹಾಯ ಬೇಕಾಗುತ್ತೆ. ಮಾತು ತಡವಾಗುತ್ತಿದೆ ಅನ್ನಿಸಿದರೆ ಮೊದಲು ಡಾಕ್ಟರ ಹತ್ತಿರ ಹೋಗಿ, ಕಿವಿ ತೋರಿಸಿ. ಮನೆಯಲ್ಲಿ ಎರಡು ಭಾಷೆ ಮಾತಾಡುವುದರಿಂದ ಮಾತು ತಡವಾಗುತ್ತೆ ಅಂತ ನಮಗೆ ಎಷ್ಟೋ ಜನ ಹೇಳಿದ್ದರು. ಅದು ಕಾರಣ ಅಲ್ಲ, ಯಾವ ಭಾಷೆಯನ್ನೂ ಬಿಡಬೇಡಿ ಅಂತ ಮೇಡಂ ಖಡಾಖಂಡಿತವಾಗಿ ಹೇಳಿದರು. ಹಾಗಾಗಿ ಕನ್ನಡ ಉಳಿಯಿತು, ಕನ್ನಡದ ಪುಸ್ತಕಗಳೂ ಉಳಿದವು.

ಆ ಬೆಕ್ಕಿನ ಪುಸ್ತಕವನ್ನು ಎಷ್ಟು ಸಲ ಓದಿದೆವೋ ಲೆಕ್ಕವಿಲ್ಲ. "ಮತ್ತೆ" ಅನ್ನುವುದು ಮಗಳು ಬೇಗ ಕಲಿತ ಪದಗಳಲ್ಲಿ ಒಂದು. ಇದನ್ನೇ ಓದುತ್ತಿದ್ದರೆ ಹೊಸದು ಕಲಿಯುವುದು ಯಾವಾಗ ಅಂತ ನನಗೆ ಯೋಚನೆ. 2011ರ ಒಂದು ಅಧ್ಯಯನದಲ್ಲಿ ಮೂರು ವರ್ಷದ ಮಕ್ಕಳಿಗೆ ಒಂದೇ ಕಥೆಯನ್ನು ಮತ್ತೆ ಮತ್ತೆ ಓದಿದಾಗ, ಬೇರೆ ಬೇರೆ ಕಥೆ ಓದಿದ್ದಕ್ಕಿಂತ ಹೊಸ ಪದಗಳು ಚೆನ್ನಾಗಿ ನೆನಪಿನಲ್ಲಿ ಉಳಿದವಂತೆ. ಹಾಗಾದರೆ ಮಗುಗೆ ಏನು ಬೇಕು ಅಂತ ಮಗುಗೇ ಗೊತ್ತಿದೆ, ಅಲ್ವಾ.

ನನ್ನ ಗಂಡನಿಗೆ ಥ್ಯಾಂಕ್ಸ್ ಹೇಳಿದರೆ ಅವರಿಗೆ ಮುಜುಗರ, ಆದರೂ ಹೇಳಬೇಕು. ಅವರು ಆ ಬೆಕ್ಕಿಗೆ ಕೊಟ್ಟ ದನಿ ನನಗೆ ಯಾವತ್ತೂ ಬರಲಿಲ್ಲ. ರಾತ್ರಿ ಓದು ಅವರದ್ದು, ಆ ಹೊತ್ತಿನಲ್ಲಿ ನನ್ನ ಪುಸ್ತಕ ನನ್ನದು. ಅಪ್ಪ ಓದುವಾಗ ಅಮ್ಮನೂ ಪಕ್ಕದಲ್ಲಿ ತನ್ನ ಪುಸ್ತಕ ಓದುತ್ತಿರುತ್ತಾಳೆ ಅನ್ನೋದನ್ನು ಮಗಳು ದಿನವೂ ನೋಡಿದ್ದಾಳೆ. ಒಂದು ಸಲ ನನ್ನ ಕಾದಂಬರಿ ಕಿತ್ತುಕೊಂಡು ಪುಟ ತಿರುವಿ, ಚಿತ್ರ ಎಲ್ಲಿ ಅಂತ ಕೇಳಿದಳು. ಇಲ್ಲ ಅಂದೆ. ತುಂಬಾ ಹೊತ್ತು ಯೋಚನೆ ಮಾಡಿ, "ಪಾಪ" ಅಂದಳು.

ಲೈಬ್ರರಿಯ ಮಕ್ಕಳ ವಿಭಾಗದ ಮೇಡಂ, ನೀವು ನಮ್ಮನ್ನು ಒಮ್ಮೆಯೂ "ಶ್..." ಅನ್ನಲಿಲ್ಲ. ಮಾತೇ ಬಾರದ ಮಗು ಗಟ್ಟಿಯಾಗಿ ಕೂಗಿದಾಗ ಇಡೀ ಕೋಣೆ ನಮ್ಮ ಕಡೆ ತಿರುಗಿತು, ನೀವು ಮಾತ್ರ ಅವಳಿಗೆ ಇನ್ನೊಂದು ಪುಸ್ತಕ ತಂದುಕೊಟ್ಟಿರಿ. ಯೆಲ್ಲಾ ಲೆಪ್‌ಮನ್ ಅವರ ಕಥೆ ಹೇಳಿದವರೂ ನೀವೇ. ಇಬ್ಬರು ಮಕ್ಕಳ ತಾಯಿ, ಗಂಡನನ್ನು ಕಳೆದುಕೊಂಡವರು, ಯಹೂದಿ ಅನ್ನುವ ಕಾರಣಕ್ಕೆ ಜರ್ಮನಿ ಬಿಟ್ಟು ಹೋಗಬೇಕಾಗಿ ಬಂದವರು. ಯುದ್ಧ ಮುಗಿದ ಮೇಲೆ ಅದೇ ಜರ್ಮನಿಗೆ ವಾಪಸ್ ಬಂದು, ಬೇರೆ ಬೇರೆ ದೇಶಗಳಿಗೆ ಪತ್ರ ಬರೆದು ಮಕ್ಕಳ ಪುಸ್ತಕ ತರಿಸಿಕೊಂಡು 1946ರಲ್ಲಿ ಮ್ಯೂನಿಕ್‌ನಲ್ಲಿ ಪ್ರದರ್ಶನ ಮಾಡಿದರು. 1949ರಲ್ಲಿ ಅಲ್ಲೇ ಮಕ್ಕಳಿಗಾಗಿ ಅಂತರರಾಷ್ಟ್ರೀಯ ಗ್ರಂಥಾಲಯ ಶುರುವಾಯಿತು. ತನ್ನನ್ನು ಓಡಿಸಿದ ದೇಶದ ಮಕ್ಕಳಿಗೆ ಊಟದ ಜೊತೆ ಕಥೆಯೂ ಬೇಕು ಅಂತ ಅವರಿಗೆ ಅನ್ನಿಸಿತಲ್ಲ! ನನ್ನ ಕಷ್ಟ ಅದರ ಮುಂದೆ ಏನೂ ಅಲ್ಲ. ಆದರೂ ಆ ಕಷ್ಟದ ದಿನಗಳಲ್ಲಿ ಆ ಹೆಂಗಸಿನ ಕಥೆ ನನಗೆ ತುಂಬಾ ಬಲ ಕೊಟ್ಟಿತು.

ಬೇರೆ ಭಾಷೆಯ ಮಕ್ಕಳ ಕಥೆಗಳನ್ನು ಕನ್ನಡಕ್ಕೆ ತಂದವರಿಗೂ, ಚಿತ್ರ ಬರೆದವರಿಗೂ ನಮಸ್ಕಾರ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಅನ್ನುವ ವೆಬ್‌ಸೈಟಿನಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಯಾವ ದೇಶದಲ್ಲಿದ್ದರೂ ಸಿಗುತ್ತವೆ. ಕಥೆಗಳನ್ನು ಹಂತ ಹಂತವಾಗಿ ಬೇರೆ ಮಾಡಿಟ್ಟಿದ್ದಾರೆ, ಮೊದಲ ಹಂತದಲ್ಲಿ ಪುಟಕ್ಕೆ ಕೆಲವೇ ಪದ. ನಾವು ಅವನ್ನು ಪ್ರಿಂಟ್ ತೆಗೆದು ದಾರ ಹಾಕಿ ಹೊಲಿದುಕೊಂಡೆವು, ಕೈಯಲ್ಲಿ ಹಿಡಿದು ತಿರುವಲು ಪುಟ ಇರಲಿ ಅಂತ.

ಅಕ್ಷರ ಕಲಿಸಿದ್ದು ಮಾವ. ಕಾಗುಣಿತದವರೆಗೆ ಸಲೀಸಾಗಿ ಬಂದ ಮಗಳು ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಿದ್ದಳು. "ಸೂರ್ಯ" ಓದುವುದಂತೂ ದೊಡ್ಡ ಜಗಳ. ಅರ್ಕಾವತ್ತು ಬರೆಯುವುದು ಆಮೇಲೆ, ಓದುವುದು ಮೊದಲು, ಇದು ಅನ್ಯಾಯ ಅಂತ ಅವಳ ವಾದ. ಮಾವ ಬೈಯಲಿಲ್ಲ, ಅವಸರ ಮಾಡಲಿಲ್ಲ. "ಹೌದು ಪುಟ್ಟಿ, ಅದು ಹಿಂದೆ ನಿಂತು ಮುಂದೆ ಓಡುತ್ತೆ" ಅಂತ ನಗಿಸಿ, ಅಂಥ ಪದಗಳನ್ನೇ ಹುಡುಕಿ ಹುಡುಕಿ ಚೀಟಿ ಬರೆದು ಮನೆಯ ಗೋಡೆ ತುಂಬ ಅಂಟಿಸಿದರು. ಮಾವ, ಚೀಟಿಗಳನ್ನು ಈಗಲೂ ತೆಗೆದಿಲ್ಲ.

ಕಳೆದ ವಾರ ಅವಳು ತಮ್ಮನಿಗೆ ಓದುವಾಗ ನಾನು ಬಾಗಿಲ ಹತ್ತಿರ ನಿಂತಿದ್ದೆ. ಒಂದು ಸಾಲು ಓದುವಳು, ಚಿತ್ರ ತೋರಿಸುವಳು, ಕೊನೆಯ ಪದ ಬಿಟ್ಟು ಅವನ ಮುಖ ನೋಡುತ್ತಾ ಕಾಯುವಳು. ಅವನು ಏನೋ "ಬಾ" ಅಂದ. "ಹೌದು, ಬಾತುಕೋಳಿ, ಬಿಳಿ ಬಾತುಕೋಳಿ" ಅಂದಳು. ಇದನ್ನು ಯಾರೂ ಅವಳಿಗೆ ಪಾಠ ಮಾಡಿರಲಿಲ್ಲ. ಥೆರಪಿಸ್ಟ್ ಮೇಡಂ, ಇದು ನಿಮಗೆ ತಲುಪಬೇಕು ಅಂತಲೇ ಈ ಬರಹದ ಅರ್ಧ ಭಾಗ ಬರೆದಿದ್ದೇನೆ.

ರಟ್ಟಿನ ಪುಟದ ಪುಸ್ತಕಗಳೆಲ್ಲ ಈಗ ತಂಗಿಯ ಮನೆಗೆ ಹೋಗಿವೆ. ಬೆಕ್ಕಿನದ್ದನ್ನು ಮಾತ್ರ ಮಗಳು ಕೊಡಲು ಒಪ್ಪಲಿಲ್ಲ, ಹಾಗಾಗಿ ಅದರದ್ದೇ ಹೊಸ ಪ್ರತಿ ಒಂದನ್ನು ತರಿಸಿ, ಥೆರಪಿಗೆ ಬರುವ ಮಕ್ಕಳಿಗೆ ಇರಲಿ ಅಂತ ಈ ಶನಿವಾರ ಕೊಟ್ಟು ಬರುತ್ತೇವೆ. ಗೆಳತಿ, ನೀನು ಹೋದ ತಿಂಗಳು ಕೊಟ್ಟ ಕಾದಂಬರಿಯಲ್ಲಿ ಇನ್ನು ನೂರು ಪುಟ ಬಾಕಿ ಇದೆ. ಭಾನುವಾರ ಅಕ್ಕ ಬರುತ್ತಾಳೆ, ಮಗಳನ್ನು ಕರೆದುಕೊಂಡು ಹೋಗುತ್ತಾಳೆ. ಮುಗಿಸಿ ಸಂಜೆ ಫೋನ್ ಮಾಡುತ್ತೇನೆ, ಕೊನೆ ಏನಾಗುತ್ತೆ ಅಂತ ಅಲ್ಲಿಯವರೆಗೆ ಹೇಳಬೇಡ.