ದೀಪಾವಳಿ ಸಂಚಿಕೆಗೆ ಒಂದು ಬಲ್ಬಿನ ಸುದ್ದಿ

ನಾಳೆ ಬೆಳಿಗ್ಗೆ ನಮ್ಮ ಸುದ್ದಿಪತ್ರದ ಸಂಚಿಕೆ ಹೊರಡಬೇಕು. ಈ ಪುಟ ಒಂದು ಖಾಲಿ ಉಳಿದಿದೆ. ದೀಪಾವಳಿಗೆ ಏನು ಬರೆಯಲಿ ಅಂತ ಯೋಚಿಸಿದರೆ ಮಗಳು ಕಳೆದ ಭಾನುವಾರ ಕೇಳಿದ ಪ್ರಶ್ನೆಯೇ ಮತ್ತೆ ಮತ್ತೆ ನೆನಪಾಗುತ್ತಿದೆ. ಅದನ್ನೇ ಬರೆಯುತ್ತೇನೆ.

ಅಮ್ಮ ಮುಂದಿನ ವಾರ ಊರಿಗೆ ಹೊರಡುತ್ತಾರೆ. ಇಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದು ಆರು ತಿಂಗಳು ಆಗಿಹೋಯಿತು. ಹೊರಡುವ ಮುಂಚೆ ಇನ್ನೊಂದು ಸಲ ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗಿ ಬರೋಣ ಅಂದರು. ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ? ಬಂದ ವಾರ ಒಮ್ಮೆ, ಹೊರಡುವ ವಾರ ಒಮ್ಮೆ. ಶಿವ, ವಿಷ್ಣು ಇಬ್ಬರಿಗೂ ಒಂದೇ ಸೂರು. ಉತ್ತರದ ಶಿಖರ, ದಕ್ಷಿಣದ ಗೋಪುರ ಎರಡೂ ಅಲ್ಲಿವೆ. ನಮ್ಮ ಎಷ್ಟೋ ಮಕ್ಕಳ ಅಕ್ಷರಾಭ್ಯಾಸ, ಎಷ್ಟೋ ಹೊಸ ಕಾರುಗಳ ನಿಂಬೆಹಣ್ಣು ಅಲ್ಲೇ ಆಗಿದೆ. ಆದರೆ ದರ್ಶನ ಮುಗಿದ ಕೂಡಲೇ 580 ಹೆದ್ದಾರಿ ಹತ್ತಿ ಮನೆಗೆ ಬಂದುಬಿಡುತ್ತೇವೆ. ಊರು ಹೇಗಿದೆ ಅಂತ ತಿರುಗಿಯೂ ನೋಡುವುದಿಲ್ಲ.

ಈ ಸಲ ಬೇಕಂತಲೇ ಕಾರನ್ನು ಊರೊಳಗೆ ತಿರುಗಿಸಿದೆ. ಈಸ್ಟ್ ಅವೆನ್ಯೂದಲ್ಲಿರುವ 6ನೇ ಅಗ್ನಿಶಾಮಕ ಠಾಣೆಗೆ ಹೋದೆವು. ಅಲ್ಲಿ ಸೂರಿನಿಂದ ಒಂದು ಪುಟ್ಟ ಬಲ್ಬು ಇಳಿಬಿದ್ದಿದೆ. 1901ರಿಂದ ಉರಿಯುತ್ತಿದೆ! ಓಹಿಯೋದ ಶೆಲ್ಬಿ ಕಂಪನಿ ಮಾಡಿದ ಬಲ್ಬು. ಗಾಜು ಬಾಯಲ್ಲಿ ಊದಿ ಮಾಡಿದ್ದು, ಒಳಗಿನ ತಂತಿ ಇಂಗಾಲದ್ದು. ಈಗ ಬರೀ ನಾಲ್ಕು ವಾಟಿನಷ್ಟು ಬೆಳಕು. 1976ರಲ್ಲಿ ಠಾಣೆ ಬದಲಾದಾಗ ಪೊಲೀಸ್ ಕಾವಲಿನಲ್ಲಿ ಮೆರವಣಿಗೆ ಮಾಡಿ ಇಲ್ಲಿಗೆ ತಂದರಂತೆ. ಆಗಾಗ ಕರೆಂಟ್ ಹೋಗಿ ಆರಿದ್ದುಂಟು, ಬಲ್ಬು ಮಾತ್ರ ಇನ್ನೂ ಸುಟ್ಟಿಲ್ಲ.

ಅಮ್ಮ ಮೇಲೆ ನೋಡಿದರು. ಮಗಳು ನನ್ನ ಕೈ ಎಳೆದು ಕೇಳಿದಳು, "ಅಜ್ಜಿ ಸಂಜೆ ಲೈಟ್ ಹಾಕಿದಾಗ ಕೈ ಮುಗೀತಾರಲ್ಲ, ಇದನ್ನ ಆರಿಸೋದೇ ಇಲ್ಲ, ಇದಕ್ಕೆ ಯಾವಾಗ ಮುಗೀಬೇಕು?"

ನನಗೆ ಉತ್ತರ ಹೊಳೆಯಲಿಲ್ಲ. ಅಮ್ಮ ಆಗಲೇ ಕೈ ಮುಗಿದಿದ್ದರು.

ಅಮ್ಮನ ತವರು ಮಳವಳ್ಳಿ ಕಡೆ. ಬೇಸಿಗೆ ರಜೆಗೆ ನಾವೆಲ್ಲ ಅಲ್ಲೇ. ಕರೆಂಟು ಹುಟ್ಟುವ ಶಿವನಸಮುದ್ರ ಅದೇ ತಾಲ್ಲೂಕಿನಲ್ಲಿದೆ, ಆದರೂ ಸಂಜೆಯಾದರೆ ಮನೆಯಲ್ಲಿ ಕರೆಂಟ್ ಇರುತ್ತಿರಲಿಲ್ಲ. ಗದ್ದೆ ಮೇಲೆ ದಪ್ಪ ತಂತಿಗಳು ಗುಂಯ್ ಅನ್ನುತ್ತಿದ್ದವು. ಅಜ್ಜಿ ಲಾಟೀನಿನ ಗಾಜಿಗೆ ಬೂದಿ ಹಾಕಿ, ಹಳೇ ಸೀರೆ ತುಂಡಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸುತ್ತಿದ್ದರು. ನಾವು ಜಗಲಿ ಮೇಲೆ ಸಾಲಾಗಿ ಕೂರುತ್ತಿದ್ದೆವು. ಮಾವ ದೆವ್ವದ ಕಥೆ ಶುರುಮಾಡುತ್ತಿದ್ದರು. ಕಥೆ ಇನ್ನೇನು ಹುಣಸೆಮರದ ಹತ್ತಿರ ಬಂತು ಅನ್ನುವಾಗ ಕರೆಂಟ್ ಬರುತ್ತಿತ್ತು. ಇಡೀ ಬೀದಿಯ ಮಕ್ಕಳು ಒಟ್ಟಿಗೆ "ಹೋ..." ಅಂತ ಕೂಗುತ್ತಿದ್ದೆವು. ಆ ಗಲಾಟೆಯಲ್ಲೂ ಅಜ್ಜಿ ಎದ್ದು ನಿಂತು, ನಡುಮನೆಯ ಹಳದಿ ಬಲ್ಬಿಗೆ ಕೈ ಮುಗಿದು, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡು, ಆಮೇಲೆ ಲಾಟೀನು ಆರಿಸುತ್ತಿದ್ದರು. ಮೊದಲು ಇದು, ಆಮೇಲೆ ಅದು. ಒಂದು ದಿನವೂ ತಪ್ಪಿಸಿದ್ದು ನಾನು ನೋಡಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಮಗಳಿಗೆ ಲೆಕ್ಕ ಹೇಳಿದೆ. ಲಿವರ್‌ಮೋರಿನ ಬಲ್ಬು ಹತ್ತಿದ್ದು 1901ರಲ್ಲಿ. ಮರುವರ್ಷ, 1902ರಲ್ಲಿ, ಶಿವನಸಮುದ್ರದ ಕರೆಂಟು 147 ಕಿಲೋಮೀಟರ್ ತಂತಿ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಶಿವನಸಮುದ್ರದ ಜನರೇಟರುಗಳನ್ನು ಕೊಟ್ಟಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. "ಅಂದ್ರೆ ಈ ಬಲ್ಬು ನಮ್ಮೂರ ಕರೆಂಟಿಗಿಂತ ದೊಡ್ಡದು" ಅಂದರು ಅಮ್ಮ. ಅವರಿಗೆ ಅದು ತುಂಬಾ ಖುಷಿ ಕೊಟ್ಟಿತು.

ಹಾಗಾಗಿ ಒಂದು ಮಾತು. ಅಪ್ಪ ಅಮ್ಮ ಬಂದಾಗ ಗೋಲ್ಡನ್ ಗೇಟ್ ತೋರಿಸಿ, ಖಂಡಿತ ತೋರಿಸಿ. ಆದರೆ ನಮ್ಮ ದೇವರು ಇರುವ ಊರನ್ನೂ ತೋರಿಸಿ. 1952ರಲ್ಲಿ ಶುರುವಾದ ರಾಷ್ಟ್ರೀಯ ಪ್ರಯೋಗಾಲಯ ಇಲ್ಲಿದೆ. 116ನೇ ಮೂಲವಸ್ತುವಿಗೆ ಲಿವರ್‌ಮೋರಿಯಂ ಅಂತ ಹೆಸರಿಟ್ಟಿದ್ದು ಆ ಪ್ರಯೋಗಾಲಯದ ಗೌರವಕ್ಕೆ. ಮಕ್ಕಳಿಗೆ ಹೇಳಿ, ಶಾಲೆಯ ಪಟ್ಟಿಯಲ್ಲಿ ಹುಡುಕಿಕೊಳ್ಳುತ್ತಾರೆ. 1883ರಿಂದ ಇರುವ ದ್ರಾಕ್ಷಿ ತೋಟಗಳಿವೆ. ಪೂರ್ವಕ್ಕೆ ಹೋದರೆ ಆಲ್ಟಮಾಂಟ್ ಕಣಿವೆಯ ಗಾಳಿಯಂತ್ರಗಳು. ಡೆಲ್ ವ್ಯಾಲೆ ಕೆರೆ ದಂಡೆಯಲ್ಲಿ ಕೂತು ಬುತ್ತಿ ಬಿಚ್ಚಿದರೆ ಮೊಸರನ್ನದ ರುಚಿಯೇ ಬೇರೆ. ಠಾಣೆಗೆ ಹೋದರೆ ಹಿಂಬಾಗಿಲಿನ ಗಂಟೆ ಒತ್ತಿ ಕಾಯಿರಿ. ಸಿಬ್ಬಂದಿ ಬೆಂಕಿ ಆರಿಸಲು ಹೋಗಿದ್ದರೆ ಯಾರೂ ಬಾಗಿಲು ತೆಗೆಯುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಇನ್ನೊಂದು ದಿನ ಹೋಗಿ.

ದೇವಸ್ಥಾನ ಮನೆಗಳ ನಡುವೆ ಇದೆ. ಹಬ್ಬದ ದಿನ ಅಕ್ಕಪಕ್ಕದವರ ಡ್ರೈವ್‌ವೇಗೆ ಅಡ್ಡ ಕಾರು ನಿಲ್ಲಿಸಬೇಡಿ. ಅವರು ಇಷ್ಟು ವರ್ಷದಿಂದ ನಮ್ಮ ನೆರೆಯವರು.

ಇನ್ನು ಸೂಚನೆಗಳು, ಜಾಗ ಕಡಿಮೆ. ದೀಪಾವಳಿ ಊಟಕ್ಕೆ ಹೆಸರು ಕೊಡಲು ಶುಕ್ರವಾರ ಕೊನೆ. ಹೋಳಿಗೆಗೆ ಇನ್ನೂ ಮೂರು ಮನೆಯವರು ಬೇಕು. ರಾಜ್ಯೋತ್ಸವದ ನಾಟಕದ ತಾಲೀಮು ಭಾನುವಾರ ಮಧ್ಯಾಹ್ನ ಎರಡಕ್ಕೆ, ಮೂರಕ್ಕಲ್ಲ. ಕನ್ನಡ ಕಲಿ ತರಗತಿ ಹಬ್ಬದ ವಾರ ಇಲ್ಲ. ಬಳಸಿದ ಕನ್ನಡ ಮಕ್ಕಳ ಪುಸ್ತಕ ಇದ್ದರೆ ತನ್ನಿ. ಸದಸ್ಯತ್ವದ ಹಣ ಬಾಕಿ ಇರುವವರು ದಯವಿಟ್ಟು ಕೊಟ್ಟುಬಿಡಿ.

ಕೊನೆಯದಾಗಿ, ಈ ಸುದ್ದಿಪತ್ರಕ್ಕೆ ಇನ್ನೊಂದು ಜೋಡಿ ಕೈ ಬೇಕೇಬೇಕು. ಬರೆಯುವುದು, ಟೈಪ್ ಮಾಡುವುದು, ತಿದ್ದುವುದು, ಪುಟ ಕಟ್ಟುವುದು ಎಲ್ಲಾ ಈಗ ಒಬ್ಬರ ತಲೆ ಮೇಲಿದೆ. ನಿಜವಾಗಿ ಸಾಕಾಗಿದೆ. ಯುಗಾದಿ ಸಂಚಿಕೆ ಬರಬೇಕಾದರೆ ಯಾರಾದರೂ ಬನ್ನಿ. ಕಾಗುಣಿತ ಚೆನ್ನಾಗಿದ್ದರೆ ಸಾಕು, ತಿಂಗಳಿಗೆ ಎರಡು ಸಂಜೆಯ ಕೆಲಸ. ಹೋಳಿಗೆ ಮನೆಯವರಲ್ಲಿ ಯಾರಾದರೂ ಆದರೂ ಸರಿ, ಊಟದ ದಿನವೇ ಸಿಗಿ, ಮಾತಾಡೋಣ.