ಅಪರಿಚಿತರೆಲ್ಲ ಗೆಳೆಯರಾಗಬೇಕಿಲ್ಲ

ಪ್ರೀತಿಯ ತಂಗಿ,

ನಿನ್ನ ಕಥೆಯನ್ನು ಅಷ್ಟೊಂದು ಜನ ಹಂಚಿಕೊಂಡ ಮೇಲೆ ಮೆಸೇಜುಗಳಿಗೆ ಉತ್ತರ ಕೊಡೋದರಲ್ಲೇ ರಾತ್ರಿಯಾಗುತ್ತದೆ, ಬರೆಯೋಕೆ ಕೂರಲಾಗುತ್ತಿಲ್ಲ, ಉತ್ತರಿಸದಿದ್ದರೆ ಜಂಬ ಅಂತಾರೆ ಎಂದೆಲ್ಲ ಬರೆದಿದ್ದೀಯ. ಓದುವಾಗ ನನಗೆ ನೆನಪಾಗಿದ್ದು ಕೆನಡಾದ ರಷ್ ಬ್ಯಾಂಡಿನ ‘ಲೈಮ್‌ಲೈಟ್’ ಹಾಡು. 1981ರ ‘ಮೂವಿಂಗ್ ಪಿಕ್ಚರ್ಸ್’ ಆಲ್ಬಮ್ಮಿನದು. ಮೊದಲು ಅದನ್ನು ಕೇಳು, ಆಮೇಲೆ ಮುಂದೆ ಓದು.

ಹಾಡಿದವರು ಗೆಡ್ಡಿ ಲೀ. ಸಾಲುಗಳನ್ನು ಬರೆದವರು ಮಾತ್ರ ಹಿಂದೆ ಕೂತು ಡ್ರಮ್ಸ್ ನುಡಿಸುತ್ತಿದ್ದ ನೀಲ್ ಪಿಯರ್ಟ್. 1974ರಲ್ಲಿ ಬ್ಯಾಂಡ್ ಸೇರಿ, ವರ್ಷಗಟ್ಟಲೆ ಊರೂರು ತಿರುಗಿ, ಹೋದಲ್ಲೆಲ್ಲ ಜನ ಮುತ್ತಿಕೊಳ್ಳತೊಡಗಿದ ಮೇಲೆ ಬರೆದ ಹಾಡು ಇದು. ಗುರುತಿಲ್ಲದವರನ್ನು ಬಹಳ ದಿನದಿಂದ ಕಾಯುತ್ತಿದ್ದ ಗೆಳೆಯನಂತೆ ಬರಮಾಡಿಕೊಳ್ಳುವ ನಾಟಕ ನನ್ನಿಂದಾಗದು ಅಂತ ಅದರಲ್ಲಿ ನೇರವಾಗಿ ಹೇಳಿಬಿಡುತ್ತಾರೆ. ಕೇಳಿದ ತಕ್ಷಣ ಒರಟು ಅನಿಸುತ್ತದೆ, ಅಲ್ವಾ? ನನಗೆ ಹಾಗನಿಸುವುದಿಲ್ಲ. ಕೇಳುಗರನ್ನು ಅವರು ಹಳಿಯುತ್ತಿಲ್ಲ, ಇಲ್ಲದ ಸಲುಗೆಯನ್ನು ತೋರಿಸಲಾರೆ ಅಂತಿದ್ದಾರೆ ಅಷ್ಟೆ. ತಾಳವನ್ನೂ ಗಮನಿಸು. ಏಳರ ಎಣಿಕೆ ಆರಕ್ಕೆ, ಆರು ಮೂರಕ್ಕೆ ಜಾರುತ್ತಲೇ ಇರುತ್ತದೆ, ಒಂದು ಕಡೆ ನೆಮ್ಮದಿಯಾಗಿ ನಿಲ್ಲೋಕೆ ಬಿಡುವುದಿಲ್ಲ. ಅಲೆಕ್ಸ್ ಲೈಫ್‌ಸನ್ ನುಡಿಸಿದ ಗಿಟಾರ್ ಸೋಲೋದಲ್ಲಿ ಎಂಥ ಒಂಟಿತನ ಇದೆ ನೋಡು.

ಈ ಹಾಡು ಬರೆದವರು ವೇದಿಕೆ ಬಿಟ್ಟು ಓಡಿಹೋಗಲಿಲ್ಲ. 2015ರವರೆಗೂ ನುಡಿಸಿದರು. ಅಭಿಮಾನಿಗಳ ಭೇಟಿ, ಫೋಟೊ ಇವುಗಳನ್ನು ಬ್ಯಾಂಡಿನ ಉಳಿದಿಬ್ಬರು, ಗೆಡ್ಡಿ ಮತ್ತು ಅಲೆಕ್ಸ್, ನೋಡಿಕೊಳ್ಳುತ್ತಿದ್ದರು. ಇವರು ಮೋಟಾರ್‌ಸೈಕಲ್ ಹತ್ತಿ, ಸಣ್ಣಪುಟ್ಟ ರಸ್ತೆ ಹಿಡಿದು ಮುಂದಿನ ಊರಿಗೆ ಹೊರಟುಬಿಡುತ್ತಿದ್ದರು. ಹಾಗೆ ಉಳಿಸಿಕೊಂಡ ಹೊತ್ತನ್ನು ಏನು ಮಾಡಿದರು ಅನ್ನೋದೇ ನಿನಗೆ ಮುಖ್ಯ. 1990ರ ದಶಕದಲ್ಲಿ, ಎಷ್ಟೋ ಡ್ರಮ್ಮರ್‌ಗಳು ಪಿಯರ್ಟ್ ಅವರನ್ನೇ ಗುರು ಅಂದುಕೊಂಡಿದ್ದಾಗ, ಅವರು ಫ್ರೆಡ್ಡಿ ಗ್ರೂಬರ್ ಎಂಬ ಹಿರಿಯ ಮೇಷ್ಟ್ರ ಹತ್ತಿರ ಹೋಗಿ ಕಡ್ಡಿ ಹಿಡಿಯುವುದರಿಂದ ಹಿಡಿದು ಮತ್ತೆ ಕಲಿತರು. ಯೋಚನೆ ಮಾಡು, ದಿನವಿಡೀ ಹೊಗಳಿಕೆಯ ನಡುವೆ ಕೂತವರಿಗೆ ನನಗಿನ್ನೂ ಕೈ ಕೂಡಿಬಂದಿಲ್ಲ ಅನಿಸೋಕೆ ಪುರುಸೊತ್ತಾದರೂ ಎಲ್ಲಿರುತ್ತದೆ?

ಪುಸ್ತಕಗಳನ್ನೂ ಬರೆದರು. 1997ರಲ್ಲಿ ಮಗಳು ಕಾರು ಅಪಘಾತದಲ್ಲಿ ಹೋದಳು, ಮರುವರ್ಷ ಹೆಂಡತಿ ಕ್ಯಾನ್ಸರ್‌ನಿಂದ. ಆಮೇಲೆ ಒಬ್ಬರೇ ಬೈಕಿನಲ್ಲಿ ತಿಂಗಳುಗಟ್ಟಲೆ ಅಲೆದರು. ಅದೆಲ್ಲ ‘ಗೋಸ್ಟ್ ರೈಡರ್’ ಪುಸ್ತಕವಾಗಿ ಬಂದದ್ದು 2002ರಲ್ಲಿ. ಅಂದರೆ ಅವರು ದುಃಖವನ್ನು ಬಚ್ಚಿಡಲಿಲ್ಲ. ಯಾವಾಗ, ಎಷ್ಟು, ಹೇಗೆ ಹೇಳಬೇಕು ಅನ್ನೋದನ್ನು ತಾವೇ ಆರಿಸಿಕೊಂಡರು. ಕೊನೆಗೆ ಮೆದುಳಿನ ಕ್ಯಾನ್ಸರ್ ಬಂದಾಗ ಆಪ್ತರಿಗಷ್ಟೇ ಗೊತ್ತಿತ್ತು. 2020ರ ಜನವರಿಯಲ್ಲಿ ತೀರಿಕೊಂಡ ಮೇಲೆಯೇ ಜಗತ್ತಿಗೆ ತಿಳಿದದ್ದು.

ನೀನೂ ಹಾಗೇ ಇರಬೇಕು ಅಂತಲ್ಲ. ನಿನಗೆ ಜನರ ಜೊತೆ ಮಾತು ಇಷ್ಟ, ಗೆಡ್ಡಿ, ಅಲೆಕ್ಸ್ ಥರ. ಮಾತಾಡು. ಆದರೆ ಬೆಳಗಿನ ಹೊತ್ತು ಫೋನನ್ನು ಬೇರೆ ಕೋಣೆಯಲ್ಲಿಡು. ವಾರಕ್ಕೊಮ್ಮೆ ಕೂತು ಉತ್ತರಿಸು, ಸಾಕು. ಮನೆಯೊಳಗಿನ ಜಗಳ, ಮಗುವಿನ ಫೋಟೊ, ಅಮ್ಮನ ಕಾಯಿಲೆ ಇವನ್ನೆಲ್ಲ ಸುಮ್ನೆ ಲೈಕಿಗೋಸ್ಕರ ಹಾಕಬೇಡ. ಅದರಲ್ಲೇ ಎಲ್ಲೋ ನಿನ್ನ ಮುಂದಿನ ಕಥೆ ಇರಬಹುದು, ಅರೆಬೆಂದಾಗಲೇ ಬಡಿಸಿಬಿಟ್ಟರೆ ಆಮೇಲೆ ನಿನಗೇ ಅದರ ಮೇಲೆ ಆಸೆ ಹೋಗುತ್ತದೆ. ಮೊದಲ ಕಥೆಯಂಥದ್ದೇ ಇನ್ನೊಂದು ಬರೆಯಿರಿ ಅಂತ ಕೇಳುವವರು ಜಾಸ್ತಿಯಾಗುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ, ಅದಕ್ಕೇ ಇಲ್ಲ ಅನ್ನೋದು ಕಷ್ಟ. ಆದರೂ ಅನ್ನು. ಅವರಿಗೆ ನೀನು ಕೊಡಬೇಕಾದದ್ದು ಒಳ್ಳೆಯ ಬರಹ. ಅದನ್ನು ಕೊಟ್ಟ ಮೇಲೆ ಯಾರ ಬಾಕಿಯೂ ನಿನ್ನ ಮೇಲಿಲ್ಲ.

ಸೋದರಮಾವನ ಕಥೆ ಅರ್ಧಕ್ಕೆ ನಿಂತಿದೆ ಅಂದೆಯಲ್ಲ, ಅದನ್ನು ಕೈಗೆತ್ತಿಕೋ. ಅದು ಮುಗಿಯುವವರೆಗೆ ನನಗೂ ಉತ್ತರ ಬರೆಯಬೇಡ.

ನಿನ್ನ ಅಕ್ಕ